ಸೇಬು ಕೆಂಪಾದ ಮಾತ್ರಕ್ಕೆ ಬಲಿತಂತಲ್ಲ

ಎಳಸು, ಬಲಿತದ್ದು, ದೋರೆ, ಮಾಗಿದ್ದು, ಕಳಿತದ್ದು. ಕಾಯಿ ಹಣ್ಣಾಗುವ ದಾರಿಯ ಒಂದೊಂದು ಹಂತಕ್ಕೂ ಕನ್ನಡದಲ್ಲಿ ಒಂದೊಂದು ಮಾತಿದೆ. ಸೇಬಿನ ಖರೀದಿ ಕರಾರುಗಳಲ್ಲಿ ಮಾತ್ರ ಇವೆಲ್ಲ ಸೇರಿ ‘ಉತ್ತಮ ಗುಣಮಟ್ಟದ, ಚೆನ್ನಾಗಿ ಹಣ್ಣಾದ’ ಎಂಬ ಒಂದೇ ಸಾಲಾಗಿಬಿಡುತ್ತವೆ. ಮಾರುವವರ ಮನಸ್ಸಿನಲ್ಲಿರುವುದು ಬಲಿತ ಕಾಯಿ, ಕೊಳ್ಳುವವರ ಮನಸ್ಸಿನಲ್ಲಿರುವುದು ಮಾಗಿದ ಹಣ್ಣು. ಆರು ವಾರ ಕಳೆದು ಪೆಟ್ಟಿಗೆ ತೆರೆದಾಗ ಇಬ್ಬರೂ ತಮ್ಮ ತಮ್ಮ ಅರ್ಥದಲ್ಲಿ ಸರಿಯೇ. ಸರಕು ಮಾತ್ರ ಬಿಕರಿಯಾಗದೆ ನಿಂತಿರುತ್ತದೆ.

ಈ ಎರಡು ಮಾತುಗಳ ನಡುವಿನ ಅಂತರ ಬರೀ ಪದದ್ದಲ್ಲ. ಸೇಬು ಮರದಿಂದ ಕಿತ್ತ ಮೇಲೂ ಹಣ್ಣಾಗುವ ಜಾತಿ. ಬಲಿಯುವುದು ಮರದ ಮೇಲೆಯೇ ಆಗಬೇಕು. ಮಾಗುವುದು ಶೈತ್ಯಾಗಾರದಲ್ಲೂ ಆಗುತ್ತದೆ, ಲಾರಿಯಲ್ಲೂ ಆಗುತ್ತದೆ, ಅಂಗಡಿಯ ಕಪಾಟಿನಲ್ಲೂ ಆಗುತ್ತದೆ. ಒಂದು ಹಂತ ದಾಟಿದ ಮೇಲೆ ಹಣ್ಣು ತಾನೇ ಎಥಿಲೀನ್ ಅನಿಲ ಹೊರಬಿಡಲು ತೊಡಗುತ್ತದೆ. ಆ ಅನಿಲ ಇನ್ನಷ್ಟು ಎಥಿಲೀನನ್ನು ಹುಟ್ಟಿಸುತ್ತದೆ, ಅಲ್ಲಿಂದ ಮುಂದೆ ಮೆತ್ತಗಾಗುವುದು, ಹಳದಿ ತಿರುಗುವುದು, ಪರಿಮಳ ಬಿಡುವುದು ಎಲ್ಲವೂ ವೇಗ ಪಡೆಯುತ್ತವೆ. ತಂಪು ಈ ವೇಗವನ್ನು ತಗ್ಗಿಸಬಲ್ಲದು, ಆದರೆ ಹಿಂದಕ್ಕೆ ತಿರುಗಿಸಲಾರದು. ಬಲಿಯದೆ ಕಿತ್ತ ಕಾಯಿ ಎಷ್ಟು ದಿನ ಇಟ್ಟರೂ ಒಳ್ಳೆಯ ಹಣ್ಣಾಗುವುದಿಲ್ಲ. ಸುಕ್ಕುಗಟ್ಟಿ ಸಪ್ಪೆಯಾಗುತ್ತದೆ, ಅಷ್ಟೇ. ಹಾಗಾಗಿ ಕೊಯ್ಲಿನ ದಿನ ಹಣ್ಣು ಎಲ್ಲಿತ್ತು ಎಂಬುದನ್ನು ಸಂಖ್ಯೆಯಲ್ಲಿ ಬರೆದಿಡದ ಗುಣಮಟ್ಟದ ಕರಾರು ಅರ್ಧ ಕರಾರು ಎಂಬುದು ಈ ಬರಹದ ತಿರುಳು.

ಮೊದಲು ಇರುವ ಮಾನದಂಡಗಳನ್ನು ನೋಡೋಣ. ಅಂತರರಾಷ್ಟ್ರೀಯ ವ್ಯಾಪಾರದಲ್ಲಿ ಹೆಚ್ಚಾಗಿ ಕೈಗೆ ಸಿಗುವುದು ಎರಡು ದಾಖಲೆಗಳು. ಒಂದು, ವಿಶ್ವಸಂಸ್ಥೆಯ ಯುರೋಪ್ ಆರ್ಥಿಕ ಆಯೋಗದ ಎಫ್‌ಎಫ್‌ವಿ-50. ಇನ್ನೊಂದು, 2010ರಲ್ಲಿ ಬಂದ, ಅಂತರರಾಷ್ಟ್ರೀಯ ಆಹಾರ ಸಂಹಿತೆಯಾದ ಕೋಡೆಕ್ಸ್ ಅಲಿಮೆಂಟೇರಿಯಸ್‌ನ 299ನೇ ಮಾನದಂಡ. ಇಂಥ ಮಾನದಂಡಗಳನ್ನು ಎಲ್ಲ ದೇಶಗಳ ತಪಾಸಣೆದಾರರೂ ಒಂದೇ ರೀತಿ ಓದಬೇಕೆಂದು 1962ರಿಂದ ಓಇಸಿಡಿಯ (ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಂಘಟನೆಯ) ಹಣ್ಣು-ತರಕಾರಿ ಯೋಜನೆ ಚಿತ್ರಸಹಿತ ವಿವರಣೆಗಳನ್ನು ಹೊರತರುತ್ತಾ ಬಂದಿದೆ. ಮೇಲಿನ ಎರಡೂ ಮಾನದಂಡಗಳಲ್ಲಿ ಮೂರೇ ದರ್ಜೆ: ಎಕ್ಸ್‌ಟ್ರಾ, 1ನೇ ದರ್ಜೆ, 2ನೇ ದರ್ಜೆ.

ಗಾತ್ರದ ನಿಯಮ ಸರಳ. ನಡುಭಾಗದ ಅತಿ ಅಗಲದ ಕಡೆ ವ್ಯಾಸ ಕನಿಷ್ಠ 60 ಮಿ.ಮೀ. ಇರಬೇಕು, ಇಲ್ಲವೇ ತೂಕ 90 ಗ್ರಾಂ. ಇದಕ್ಕಿಂತ ಚಿಕ್ಕ ಹಣ್ಣನ್ನೂ ಒಪ್ಪಬಹುದು, ಆದರೆ ರಸದ ಬ್ರಿಕ್ಸ್ (ಕರಗಿದ ಸಕ್ಕರೆ ಮೊದಲಾದವುಗಳ ಶೇಕಡಾ ಅಳತೆ) 10.5ಕ್ಕೆ ಕಡಿಮೆ ಇರಬಾರದು, ವ್ಯಾಸ 50 ಮಿ.ಮೀ. ಅಥವಾ ತೂಕ 70 ಗ್ರಾಂಗಿಂತ ಕೆಳಗಿಳಿಯಬಾರದು. ಈ ವಿನಾಯಿತಿ ನಮಗೆ ಬಹಳ ಮೆಚ್ಚುಗೆಯಾಗುತ್ತದೆ. ಚಿಕ್ಕದಾದ ಮಾತ್ರಕ್ಕೆ ಎಳಸಲ್ಲ, ರಸ ಸಾಕ್ಷಿ ಹೇಳಿದರೆ ಒಪ್ಪಿಕೊಳ್ಳಿ ಎಂದು ಮಾನದಂಡವೇ ಹೇಳುತ್ತಿದೆ.

ಯುರೋಪ್ ಆಯೋಗದ ಮಾನದಂಡ ಬಣ್ಣಕ್ಕೆ ತಳಿಗಳನ್ನು ನಾಲ್ಕು ಗುಂಪು ಮಾಡಿದೆ. ಪೂರ್ತಿ ಕೆಂಪು ತಳಿಗಳ ‘ಎ’ ಗುಂಪಿನಲ್ಲಿ ಎಕ್ಸ್‌ಟ್ರಾ ದರ್ಜೆಗೆ ಮುಕ್ಕಾಲು ಭಾಗ, 1ನೇ ದರ್ಜೆಗೆ ಅರ್ಧ, 2ನೇ ದರ್ಜೆಗೆ ಕಾಲು ಭಾಗ ಕೆಂಪಿರಬೇಕು. ಮಿಶ್ರ ಕೆಂಪಿನ ‘ಬಿ’ ಗುಂಪಿನಲ್ಲಿ ಅದು ಅರ್ಧ, ಮೂರನೇ ಒಂದು, ಹತ್ತನೇ ಒಂದು. ನಸುಗೆಂಪು ಅಥವಾ ಗೆರೆಗೆಂಪಿನ ‘ಸಿ’ ಗುಂಪಿಗೆ ಎಕ್ಸ್‌ಟ್ರಾದಲ್ಲಿ ಮೂರನೇ ಒಂದು, 1ನೇ ದರ್ಜೆಯಲ್ಲಿ ಹತ್ತನೇ ಒಂದು. ಹಸಿರು, ಹಳದಿ ತಳಿಗಳ ‘ಡಿ’ ಗುಂಪಿಗೆ ಕೆಂಪಿನ ಷರತ್ತಿಲ್ಲ.

ಇನ್ನು ಕಲೆ, ಗಾಯ. 1ನೇ ದರ್ಜೆಯಲ್ಲಿ ಉದ್ದನೆಯ ಗೀರು ಒಟ್ಟು 2 ಸೆಂ.ಮೀ. ತನಕ, ಬೇರೆ ಕಲೆಗಳು 1 ಚದರ ಸೆಂ.ಮೀ. ತನಕ ನಡೆಯುತ್ತವೆ. ಸ್ಕ್ಯಾಬ್ ಶಿಲೀಂಧ್ರದ ಕಲೆಗೆ ಮಾತ್ರ 0.25 ಚದರ ಸೆಂ.ಮೀ. ಮಿತಿ. ಬಣ್ಣಗೆಡದ ಲಘು ಜಜ್ಜುಗಾಯ 1 ಚದರ ಸೆಂ.ಮೀ. ವರೆಗೆ ಸರಿ. 2ನೇ ದರ್ಜೆಯಲ್ಲಿ ಗೀರು 4 ಸೆಂ.ಮೀ., ಇತರ ಕಲೆ 2.5 ಚದರ ಸೆಂ.ಮೀ., ಸ್ಕ್ಯಾಬ್ 1 ಚದರ ಸೆಂ.ಮೀ. ಜಜ್ಜುಗಾಯದ ವಿಷಯದಲ್ಲಿ ಒಂದು ಎಚ್ಚರಿಕೆ: ಪೆಟ್ಟು ಬಿದ್ದ ಕೂಡಲೇ ಅದು ಕಣ್ಣಿಗೆ ಕಾಣುವುದಿಲ್ಲ. ಸಿಪ್ಪೆಯ ಕೆಳಗೆ ಕಂದು ತಿರುಗಲು ಹಲವು ಗಂಟೆ ಬೇಕು, ತಂಪಿನಲ್ಲಿ ಇನ್ನೂ ಹೆಚ್ಚು. ಗ್ರೇಡಿಂಗ್ ಮೇಜಿನ ಮೇಲೆ ‘ಬಣ್ಣಗೆಟ್ಟಿಲ್ಲ’ ಎಂದು ಬರೆದದ್ದು ಮರುದಿನ ಸುಳ್ಳಾಗುವುದು ಇದರಿಂದಲೇ. ಗ್ರೇಡಿಂಗ್ ಯಂತ್ರದ ಹೊಡೆತ ಎಷ್ಟಿದೆ ಎಂದು ತಿಳಿಯಬೇಕಾದರೆ ಯಂತ್ರ ದಾಟಿದ ಹಣ್ಣನ್ನು ಕೋಣೆಯ ಬಿಸಿಯಲ್ಲಿ ಒಂದು ದಿನ ಇಟ್ಟು ಸಿಪ್ಪೆ ಸುಲಿದು ನೋಡಬೇಕು.

ಪ್ರತಿ ಲಾಟಿನಲ್ಲೂ ಸ್ವಲ್ಪ ತಪ್ಪಿಗೆ ಅವಕಾಶವಿದೆ. ಎಕ್ಸ್‌ಟ್ರಾದಲ್ಲಿ ಶೇ. 5, ಉಳಿದೆರಡರಲ್ಲಿ ಶೇ. 10 ಹಣ್ಣು ಆ ದರ್ಜೆಗೆ ಹೊಂದದಿದ್ದರೂ ಲಾಟು ಉರುಳುವುದಿಲ್ಲ. 1ನೇ ದರ್ಜೆಯ ಆ ಶೇ. 10ರೊಳಗೆ ಕೊಳೆತದ್ದು ಮತ್ತು 2ನೇ ದರ್ಜೆಗೂ ನಿಲ್ಲದ್ದು ಸೇರಿ ಶೇ. 1 ಮೀರಬಾರದು. ಹಾಗಾಗಿ ‘ಹತ್ತು ಪರ್ಸೆಂಟ್ ಬಿಟ್ಟಿದ್ದಾರಲ್ಲ’ ಎಂದು ಹತ್ತು ಪರ್ಸೆಂಟ್ ಕೊಳೆತ ತುಂಬಿಸುವುದು ನಿಯಮವನ್ನು ಓದಿದ ರೀತಿಯೇ ತಪ್ಪು.

ಇಷ್ಟೆಲ್ಲ ಕರಾರುವಾಕ್ಕಾಗಿ ಹೇಳುವ ಈ ದಾಖಲೆಗಳು ಬಲಿತದ್ದರ ವಿಷಯಕ್ಕೆ ಬಂದಾಗ ಬೇಕೆಂತಲೇ ಸಡಿಲವಾಗುತ್ತವೆ. ಹಣ್ಣು ಸಾಕಷ್ಟು ಬೆಳೆದಿರಬೇಕು, ಮುಂದೆ ತಾನಾಗಿ ಮಾಗಿ ತನ್ನ ತಳಿಯ ಗುಣಕ್ಕೆ ತಲುಪುವಂತಿರಬೇಕು ಎಂದು ಹೇಳಿ, ಅದನ್ನು ಪರೀಕ್ಷಿಸಲು ರೂಪ, ರುಚಿ, ಗಟ್ಟಿತನ, ಬ್ರಿಕ್ಸ್ ಅಳೆಯುವ ರಿಫ್ರಾಕ್ಟೋಮೀಟರ್ ಅಂಕಿಯನ್ನು ಗಮನಿಸಬಹುದು ಎನ್ನುತ್ತವೆ. ಇಷ್ಟು ಗಟ್ಟಿತನ, ಇಷ್ಟು ಪಿಷ್ಟ ಎಂಬ ಸಂಖ್ಯೆ ಇಲ್ಲ. ಇದು ಮಾನದಂಡ ಬರೆದವರ ಲೋಪವಲ್ಲ. ತಳಿಗೊಂದು, ಹವೆಗೊಂದು, ಎಷ್ಟು ದಿನ ಇಡುತ್ತೇವೆ ಎಂಬುದಕ್ಕೊಂದು ಸಂಖ್ಯೆ ಬೇಕಾಗುತ್ತದೆ. ಎಲ್ಲಕ್ಕೂ ಒಂದನ್ನೇ ಬರೆದರೆ ಅದು ತಪ್ಪೇ ಆಗುತ್ತಿತ್ತು. ಆ ಜಾಗವನ್ನು ಕೊಡುವವರು ಕೊಳ್ಳುವವರು ಕೂತು ತುಂಬಬೇಕು. ಹೆಚ್ಚಿನ ಕರಾರುಗಳಲ್ಲಿ ಅದು ಖಾಲಿಯೇ ಉಳಿಯುತ್ತದೆ, ಖಾಲಿ ಜಾಗಕ್ಕೆ ಕೆಂಪು ಬಣ್ಣ ಬಂದು ಕೂರುತ್ತದೆ.

ಕೆಂಪನ್ನು ನಂಬಬಾರದೇಕೆ? ಸಿಪ್ಪೆಯ ಕೆಂಪಿಗೆ ಬಿಸಿಲು ಬೇಕು, ತಂಪು ರಾತ್ರಿ ಬೇಕು. ಎಲೆಯ ಮರೆಯಲ್ಲಿ ಬಲಿತ ಹಣ್ಣು ಪೇಲವವಾಗಿರಬಹುದು, ಬಿಸಿಲಿನ ಕೊಂಬೆಯ ಎಳಸು ಕಾಯಿ ಕೆಂಡದಂತಿರಬಹುದು. ಅದರ ಮೇಲೆ, ಬೇಗ ಕೆಂಪಾಗುವ ರೂಪಾಂತರಗಳನ್ನೇ ಆರಿಸಿ ಬೆಳೆಸಿರುವ ತಳಿಗಳಲ್ಲಿ ಬಣ್ಣ ಬಲಿಯುವುದಕ್ಕಿಂತ ವಾರಗಟ್ಟಲೆ ಮುಂಚೆಯೇ ಬಂದುಬಿಡುತ್ತದೆ. ಮೇಲೆ ಥಳಕು, ಒಳಗೆ ಹುಳುಕು ಎನ್ನುವ ಗಾದೆ ಇಲ್ಲಿ ಅಕ್ಷರಶಃ ನಿಜ. ನೋಡಬೇಕಾದ್ದು ಕೆಂಪಿನ ಹಿಂದಿರುವ ತಳಬಣ್ಣ. ಕೆಂಪು ಹತ್ತದ ಕಡೆ, ತೊಟ್ಟಿನ ಕುಳಿಯ ಸುತ್ತ, ಎಲೆಹಸಿರು ಹೋಗಿ ತಿಳಿಹಸಿರು, ಆಮೇಲೆ ಕೆನೆ ಹಳದಿ ಬರುತ್ತದೆ. ಅದು ಬಲಿತದ್ದರ ಒಳ್ಳೆಯ ಸೂಚನೆ. ಬೀಜ ಕಂದಾಗಿದೆಯೇ ಎಂದು ನೋಡುವವರಿದ್ದಾರೆ. ಬಿಳಿ ಬೀಜ ಎಳಸು ಎಂದು ಖಂಡಿತ ಹೇಳುತ್ತದೆ, ಕಂದು ಬೀಜ ಬಲಿತಿದೆ ಎಂದು ಹೇಳುವುದಿಲ್ಲ.

ಅಳತೆಗಳಲ್ಲಿ ಅತಿ ಅಗ್ಗದ್ದು, ಅತಿ ಉಪಯೋಗದ್ದು ಅಯೋಡಿನ್ ಪರೀಕ್ಷೆ. ಬೆಳೆಯುವ ಸೇಬು ತನ್ನ ಆಹಾರವನ್ನು ಪಿಷ್ಟವಾಗಿ ಕೂಡಿಡುತ್ತದೆ, ಬಲಿಯುತ್ತಾ ಅದನ್ನು ಸಕ್ಕರೆಯಾಗಿ ಕರಗಿಸುತ್ತದೆ. ಅಯೋಡಿನ್ ತಗುಲಿದರೆ ಪಿಷ್ಟ ಕಡುನೀಲಿ ಕಪ್ಪಾಗುತ್ತದೆ, ಸಕ್ಕರೆ ಆಗುವುದಿಲ್ಲ. ದ್ರಾವಣ ಮಾಡುವುದು ಹೀಗೆ: ಸುಮಾರು 30 ಮಿ.ಲೀ. ಬೆಚ್ಚನೆಯ ನೀರಿನಲ್ಲಿ 8.8 ಗ್ರಾಂ ಪೊಟ್ಯಾಸಿಯಂ ಅಯೋಡೈಡ್ ಕರಗಿಸಿ, ಅದು ಪೂರ್ತಿ ಕರಗಿದ ಮೇಲೆ 2.2 ಗ್ರಾಂ ಅಯೋಡಿನ್ ಹರಳು ಹಾಕಿ ಕಲಕಿ, ಕೊನೆಗೆ ನೀರು ಸೇರಿಸಿ 1 ಲೀಟರ್ ಮಾಡಬೇಕು. ಈ ಕ್ರಮ ತಪ್ಪಬಾರದು. ಅಯೋಡಿನ್ ಬರೀ ನೀರಿನಲ್ಲಿ ಸರಿಯಾಗಿ ಕರಗುವುದಿಲ್ಲ, ಹರಳು ತಳದಲ್ಲೇ ಕೂತಿರುತ್ತದೆ, ದ್ರಾವಣ ಸಪ್ಪೆಯಾಗಿ ಎಲ್ಲ ಹಣ್ಣೂ ಬಲಿತಂತೆ ಕಾಣುತ್ತದೆ. ಬೆಳಕಿಗೂ ಕಸುವು ಇಳಿಯುವುದರಿಂದ ಕಂದು ಬಣ್ಣದ ಸೀಸೆಯಲ್ಲಿಡಿ, ಪ್ರತಿ ಹಂಗಾಮಿಗೆ ಹೊಸದು ಮಾಡಿ. ಇದು ವಿಷ. ಪರೀಕ್ಷಿಸಿದ ಹಣ್ಣನ್ನು ಮನುಷ್ಯರಿಗೂ ದನಕರುಗಳಿಗೂ ಕೊಡಬಾರದು, ಕೈಗವಸು ಹಾಕಿಕೊಳ್ಳಬೇಕು.

ಹಣ್ಣನ್ನು ತೊಟ್ಟಿನಿಂದ ಬುಡಕ್ಕಲ್ಲ, ನಡುವಿಗೆ ಅಡ್ಡಲಾಗಿ ಕೊಯ್ಯಬೇಕು. ಕೊಯ್ದ ಮುಖವನ್ನು ಒಂದು ನಿಮಿಷ ದ್ರಾವಣದಲ್ಲಿ ಅದ್ದಿ, ಬಸಿದು, ಒಂದೆರಡು ನಿಮಿಷ ಬಿಟ್ಟು, ಪಿಷ್ಟ ಕರಗುವ ಹಂತಗಳನ್ನು ಚಿತ್ರ ಮತ್ತು ಅಂಕದಲ್ಲಿ ತೋರಿಸುವ ಚಾರ್ಟಿನ ಪಕ್ಕ ಹಿಡಿದು ಓದಬೇಕು. ತಣ್ಣಗಿರುವ ಹಣ್ಣಿನಲ್ಲಿ ಬಣ್ಣ ನಿಧಾನ ಹತ್ತುವುದರಿಂದ ಮೊದಲು ಕೋಣೆಯ ಬಿಸಿಗೆ ತನ್ನಿ. ಕಿತ್ತ ಮೇಲೂ ಪಿಷ್ಟ ಕರಗುತ್ತಲೇ ಇರುತ್ತದೆ, ಹಾಗಾಗಿ ಕಿತ್ತ ದಿನವೇ ನೋಡಬೇಕು. ನಾಲ್ಕು ದಿನ ಕೋಣೆಯಲ್ಲಿಟ್ಟು ನೋಡಿದ ಅಂಕ ಕೊಯ್ಲಿನ ಅಂಕವಲ್ಲ. ಕಪ್ಪು ಮೊದಲು ಬಿಡುವುದು ಬೀಜದ ಗೂಡಿನ ಸುತ್ತ, ಅಲ್ಲಿಂದ ಸಿಪ್ಪೆಯ ಕಡೆಗೆ. ಕೆಲವು ತಳಿಗಳಲ್ಲಿ ಇದು ಉಂಗುರದಂತೆ, ಕೆಲವಲ್ಲಿ ಕಿರಣಗಳಂತೆ ಹರಡುತ್ತದೆ, ಆದ್ದರಿಂದ ತಳಿಗೆ ತಕ್ಕ ಚಾರ್ಟು ಬೇಕು.

ಚಾರ್ಟಿನ ಹೆಸರನ್ನು ಬರೆಯದೆ ಅಂಕ ಮಾತ್ರ ಬರೆಯುವುದು ಈ ವ್ಯಾಪಾರದ ದೊಡ್ಡ ಗೊಂದಲಗಳಲ್ಲಿ ಒಂದು. ಕಾರ್ನೆಲ್ ವಿಶ್ವವಿದ್ಯಾಲಯದ ಸಾಮಾನ್ಯ ಚಾರ್ಟು 1ರಿಂದ 8. ಫ್ರಾನ್ಸಿನ ಸಿಟಿಫ್ಲ್ ಚಾರ್ಟು 1ರಿಂದ 10. ಎರಡರಲ್ಲೂ 1 ಎಂದರೆ ಪೂರ್ತಿ ಪಿಷ್ಟ, ಕೊನೆಯ ಅಂಕ ಎಂದರೆ ಪಿಷ್ಟ ಖಾಲಿ. 8 ಎಂದು ಬರೆದರೆ ಒಂದರಲ್ಲಿ ದಾರಿ ಮುಗಿದಿದೆ, ಇನ್ನೊಂದರಲ್ಲಿ ಇನ್ನೂ ಎರಡು ಮೆಟ್ಟಿಲಿದೆ. ತಿಂಗಳುಗಟ್ಟಲೆ ಇಡುವ ಹಣ್ಣನ್ನು ಅಂಕ ನಡುವಿನಲ್ಲಿದ್ದಾಗಲೇ ಕೀಳುತ್ತಾರೆ, ಕೂಡಲೇ ಮಾರುವುದನ್ನು ಮೇಲಿನ ಅಂಕಗಳಿಗೆ ಬಿಡುತ್ತಾರೆ. ಸರಾಸರಿಗಿಂತ ಹರವು ಮುಖ್ಯ. ಹತ್ತು ಹಣ್ಣಿನಲ್ಲಿ ಐದು 2, ಐದು 7 ಬಂದರೆ ಸರಾಸರಿ 4.5, ಕಾಗದದ ಮೇಲೆ ಚೆನ್ನಾಗಿದೆ. ಆದರೆ ಆ ಲಾಟು ಶೈತ್ಯಾಗಾರದಲ್ಲಿ ಎರಡು ಲಾಟುಗಳಂತೆ ನಡೆದುಕೊಳ್ಳುತ್ತದೆ, ಅರ್ಧ ಸುಕ್ಕುತ್ತದೆ, ಅರ್ಧ ಹಿಟ್ಟಾಗುತ್ತದೆ. ಮರದ ಹಣ್ಣನ್ನೆಲ್ಲ ಒಂದೇ ಸಲ ಬಾಚಿ ಕಿತ್ತರೆ ಆಗುವುದು ಇದೇ. ಎರಡು ಮೂರು ಸಲ ಆರಿಸಿ ಕಿತ್ತರೆ ಹರವು ತಗ್ಗುತ್ತದೆ.

ಎರಡನೆಯದು ಗಟ್ಟಿತನ. ಇದನ್ನು ಅಳೆಯುವುದು ಹಣ್ಣಿಗೆ ತುದಿಯೊತ್ತಿ ಬಲ ತೋರಿಸುವ ಪೆನೆಟ್ರೋಮೀಟರ್ ಎಂಬ ಉಪಕರಣದಿಂದ. ಪೆನೆಟ್ರೋಮೀಟರ್‌ಗೆ ಸೇಬಿಗೆ 11 ಮಿ.ಮೀ. ತುದಿ ಹಾಕಬೇಕು. ಪೇರ್ ಹಣ್ಣಿಗಿರುವ 8 ಮಿ.ಮೀ. ತುದಿ ಅದೇ ಡಬ್ಬಿಯಲ್ಲಿರುತ್ತದೆ. ತಪ್ಪಿ ಅದನ್ನು ಹಾಕಿದರೆ ಓದು ಹೆಚ್ಚುಕಡಿಮೆ ಅರ್ಧಕ್ಕಿಳಿದು ಒಳ್ಳೆಯ ಲಾಟು ತಿರಸ್ಕಾರಗೊಳ್ಳುತ್ತದೆ. ಹಣ್ಣಿನ ನಡುಭಾಗದಲ್ಲಿ ಎದುರು ಬದುರು ಎರಡು ಕಡೆ ನಾಣ್ಯದಗಲ ಸಿಪ್ಪೆ ತೆಗೆದು, ಹಣ್ಣನ್ನು ಗಟ್ಟಿ ಮೇಜಿಗೆ ಒತ್ತಿ ಹಿಡಿದು, ತುದಿಯ ಗೆರೆ ಮುಟ್ಟುವ ತನಕ, ಅಂದರೆ ಸುಮಾರು 8 ಮಿ.ಮೀ. ಒಳಕ್ಕೆ, ಎರಡು ಸೆಕೆಂಡಿನಲ್ಲಿ ಒಂದೇ ಸಮನೆ ಒತ್ತಬೇಕು. ಜೋರಾಗಿ ಚುಚ್ಚಿದರೆ ಓದು ಏರುತ್ತದೆ. ಅಂಗೈಯಲ್ಲಿ ಹಿಡಿದು ಒತ್ತಿದರೆ ಕೈ ಹಿಂದೆ ಸರಿದು ಒತ್ತಡ ಸಮನಾಗಿರುವುದಿಲ್ಲ. ಉಪಕರಣದ ಸಾಚಾತನ ನೋಡಲು ತುದಿಯನ್ನು ತಕ್ಕಡಿಯ ಮೇಲೆ ಒತ್ತಿ: 5 ಕೆಜಿ ಒತ್ತಿದಾಗ ಎರಡೂ 5 ತೋರಿಸಬೇಕು. ಒಂದೇ ಮರದ ದೊಡ್ಡ ಹಣ್ಣು ಚಿಕ್ಕದಕ್ಕಿಂತ ಮೆತ್ತಗೆ, ಆದ್ದರಿಂದ ಮಾದರಿಯ ಗಾತ್ರ ಪೆಟ್ಟಿಗೆಯ ಗಾತ್ರವೇ ಆಗಿರಲಿ. ಘಟಕವನ್ನೂ ಬರೆಯಿರಿ. ಕೆಲವರು ಕೆಜಿ, ಕೆಲವರು ಪೌಂಡ್, ಕೆಲವರು ನ್ಯೂಟನ್ ಎನ್ನುತ್ತಾರೆ. 7 ಕೆಜಿ ಎಂದರೆ 15.4 ಪೌಂಡ್, 68.6 ನ್ಯೂಟನ್.

ಬ್ರಿಕ್ಸ್ ಅಳೆಯುವುದು ಸುಲಭ, ಅರ್ಥ ಮಾಡಿಕೊಳ್ಳುವುದು ಅಷ್ಟು ಸುಲಭವಲ್ಲ. ಬಟ್ಟಿ ಇಳಿಸಿದ ನೀರಿಗೆ ಸೊನ್ನೆ ಹೊಂದಿಸಿ, ಬಿಸಿಲು ಬದಿ ನೆರಳು ಬದಿ ಎರಡರಿಂದಲೂ ತುಂಡು ತೆಗೆದು ಹಿಂಡಿ, 20 ಡಿಗ್ರಿಯಲ್ಲಿ ಓದಬೇಕು. ಬಿಸಿಲು ಬದಿ ಮಾತ್ರ ಹಿಂಡಿದರೆ ಓದು ಮೇಲೇರುತ್ತದೆ. ಕೊಯ್ಲಿನಲ್ಲಿ 11 ಇದ್ದ ಹಣ್ಣು, ಪಿಷ್ಟ ಕರಗಿದ ಮೇಲೆ ಅದಕ್ಕಿಂತ ಹೆಚ್ಚು ತೋರಿಸುತ್ತದೆ. ಹಾಗಾಗಿ ಪಿಷ್ಟದ ಅಂಕ ಜೊತೆಗಿಲ್ಲದ ಕೊಯ್ಲಿನ ಬ್ರಿಕ್ಸ್ ಅಂಕಿಯಿಂದ ತೀರ್ಮಾನಕ್ಕೆ ಬರಬಾರದು. ಹುಳಿಯನ್ನೂ ನೋಡುವುದಿದ್ದರೆ 10 ಮಿ.ಲೀ. ರಸವನ್ನು 0.1 ನಾರ್ಮಲ್ ಕಾಸ್ಟಿಕ್ ಸೋಡಾ ದ್ರಾವಣದಿಂದ ಪಿಎಚ್ 8.1 ಆಗುವ ತನಕ ಟೈಟ್ರೇಟ್ ಮಾಡಿ (ಹನಿಹನಿಯಾಗಿ ಸೇರಿಸಿ), ಖರ್ಚಾದ ಮಿ.ಲೀ.ಯನ್ನು 0.67ರಿಂದ ಗುಣಿಸಿದರೆ ಲೀಟರಿಗೆ ಎಷ್ಟು ಗ್ರಾಂ ಮ್ಯಾಲಿಕ್ ಆಮ್ಲ ಎಂಬುದು ಸಿಗುತ್ತದೆ.

ಈ ಮೂರನ್ನೂ ಒಂದೇ ಸಂಖ್ಯೆಗೆ ಇಳಿಸುವುದು ಸ್ಟ್ರೈಫ್ ಸೂಚ್ಯಂಕ. ಗಟ್ಟಿತನವನ್ನು ಬ್ರಿಕ್ಸ್ ಮತ್ತು ಪಿಷ್ಟದ ಅಂಕಗಳ ಗುಣಲಬ್ಧದಿಂದ ಭಾಗಿಸಬೇಕು. ಗಟ್ಟಿತನ 8 ಕೆಜಿ, ಬ್ರಿಕ್ಸ್ 12, ಪಿಷ್ಟ 10ರ ಚಾರ್ಟಿನಲ್ಲಿ 4 ಇದ್ದರೆ 8ನ್ನು 48ರಿಂದ ಭಾಗಿಸಿ 0.17. ಕೆಲವು ದಿನ ಕಳೆದು 7, 13, 7 ಆದರೆ 0.08. ಒಂದು ದಿನದ ಸಂಖ್ಯೆಗಿಂತ ಇಳಿಯುವ ಓಟ ಹೆಚ್ಚು ಹೇಳುತ್ತದೆ, ಹಾಗಾಗಿ ಕೊಯ್ಲಿಗೆ ಮೂರು ನಾಲ್ಕು ವಾರ ಮುಂಚಿನಿಂದ ವಾರಕ್ಕೆರಡು ಬಾರಿ ಅದೇ ಮರಗಳ ಹಣ್ಣು ನೋಡಬೇಕು. ಸಿಪ್ಪೆಯ ಎಲೆಹಸಿರನ್ನು ಬೆಳಕಿನಿಂದ ಅಳೆಯುವ ಕೈ ಮೀಟರುಗಳೂ ಇವೆ. ಹಣ್ಣನ್ನು ಕೊಯ್ಯಬೇಕಿಲ್ಲ ಎಂಬುದು ಅವುಗಳ ಲಾಭ, ತಳಿಗೆ ತಳಿಗೆ ಬೇರೆ ಮಟ್ಟ ಕಟ್ಟಿಕೊಳ್ಳಬೇಕು ಎಂಬುದು ಅವುಗಳ ಕೆಲಸ.

ಬೇಗ ಕಿತ್ತರೆ ಏನು, ತಡವಾದರೆ ಏನು ಎಂಬುದನ್ನು ಗೊತ್ತು ಮಾಡಿಕೊಂಡರೆ ಈ ಅಳತೆಗಳ ಬೆಲೆ ತಿಳಿಯುತ್ತದೆ. ಎಳಸು ಕಾಯಿಗೆ ಸ್ಕಾಲ್ಡ್ ಬರುತ್ತದೆ: ಶೈತ್ಯಾಗಾರದಲ್ಲಿ ಚೆನ್ನಾಗಿದ್ದು, ಹೊರಗೆ ತಂದ ಕೆಲವೇ ದಿನಗಳಲ್ಲಿ ಸಿಪ್ಪೆ ಸುಟ್ಟಂತೆ ಕಂದಾಗುತ್ತದೆ. ಕ್ಯಾಲ್ಸಿಯಂ ಕೊರತೆಯಿಂದ ಬರುವ ಬಿಟರ್ ಪಿಟ್ ಎಂಬ ಗುಳಿಚುಕ್ಕೆಯೂ ಬೇಗ ಕಿತ್ತ ಹಣ್ಣಿನಲ್ಲೇ ಹೆಚ್ಚು, ಅದರಲ್ಲೂ ಕಡಿಮೆ ಕಾಯಿ ಬಿಟ್ಟ ಮರದ ದೊಡ್ಡ ಹಣ್ಣುಗಳಲ್ಲಿ. ಪ್ಯಾಕ್ ಮಾಡಿದ ದಿನ ಇದು ಕಾಣುವುದೇ ಇಲ್ಲ. ತಡವಾಗಿ ಕಿತ್ತದ್ದು ಹಿಟ್ಟಾಗುತ್ತದೆ, ಒಳಗೆ ಕಂದಾಗುತ್ತದೆ, ಜಜ್ಜುಗಾಯಕ್ಕೂ ಕೊಳೆತಕ್ಕೂ ಬೇಗ ಬಲಿಯಾಗುತ್ತದೆ. ತಿರುಳು ನೀರು ಹಿಡಿದು ಗಾಜಿನಂತಾಗುವ ವಾಟರ್‌ಕೋರ್ ಕೂಡ ಮರದ ಮೇಲೆ ಹೆಚ್ಚು ನಿಂತ ಹಣ್ಣಿನದು. ಫ್ಯೂಜಿ ತಳಿಗೆ ಮಾತ್ರ ಯುರೋಪ್ ಆಯೋಗದ ಮಾನದಂಡ ಇದರಲ್ಲಿ ವಿನಾಯಿತಿ ಕೊಟ್ಟಿದೆ, ಆದರೂ ಅಂಥ ಹಣ್ಣನ್ನು ಇಂಗಾಲದ ಡೈಆಕ್ಸೈಡ್ ಹೆಚ್ಚಿರುವ ನಿಯಂತ್ರಿತ ಅನಿಲದ ಕೋಣೆಯಲ್ಲಿ ಬಹಳ ದಿನ ಇಟ್ಟರೆ ಒಳಗೇ ಕಂದಾಗುವ ಅಪಾಯ ಇದ್ದೇ ಇದೆ. ಎಥಿಲೀನಿಗೆ ಅಡ್ಡ ನಿಲ್ಲುವ 1-ಎಂಸಿಪಿ ಅನಿಲದಿಂದ ಗಟ್ಟಿತನ ಉಳಿಯುತ್ತದೆ. ಅದು ಎಳಸನ್ನು ರುಚಿ ಮಾಡುವುದಿಲ್ಲ, ಆಗಲೇ ಎಥಿಲೀನ್ ತುಂಬಿದ ಹಣ್ಣಿನ ಮೇಲೆ ಅದರ ಕೆಲಸವೂ ಕಡಿಮೆ.

ಹಾಗಾದರೆ ಕರಾರಿನಲ್ಲಿ ಏನು ಬರೆಯಬೇಕು? ಪ್ರತಿ ಸಂಖ್ಯೆಗೂ ಯಾವಾಗ, ಎಲ್ಲಿ, ಯಾವ ಉಪಕರಣದಿಂದ, ಎಷ್ಟು ಹಣ್ಣಿನ ಮೇಲೆ ಎಂಬ ನಾಲ್ಕು ಉತ್ತರ ಜೊತೆಗಿರಬೇಕು. ಅಂಕಿಗಳನ್ನು ಬರೀ ಮಾದರಿಗೆ ತೆಗೆದುಕೊಂಡರೆ ಹೀಗಿರಬಹುದು: ‘ಕೊಯ್ಲಿನ ದಿನ ಪಿಷ್ಟ 1–8ರ ಕಾರ್ನೆಲ್ ಚಾರ್ಟಿನಲ್ಲಿ 4ರಿಂದ 5, ಹತ್ತರಲ್ಲಿ ಎಂಟು ಹಣ್ಣು ಈ ಮಿತಿಯೊಳಗೆ. ಲೋಡ್ ಮಾಡುವಾಗ 11 ಮಿ.ಮೀ. ತುದಿಯಲ್ಲಿ 20 ಹಣ್ಣಿನ ಸರಾಸರಿ ಗಟ್ಟಿತನ 6.5 ಕೆಜಿಗೆ ಕಡಿಮೆಯಿಲ್ಲ, ಯಾವ ಹಣ್ಣೂ 5.5ಕ್ಕೆ ಕೆಳಗಿಲ್ಲ. ಬ್ರಿಕ್ಸ್ ಸರಾಸರಿ 12.’ ಸರಾಸರಿಯ ಜೊತೆ ಒಂದೊಂದು ಹಣ್ಣಿನ ಕನಿಷ್ಠವನ್ನೂ ಬರೆಯದಿದ್ದರೆ ಮೆತ್ತಗಿನ ಹಣ್ಣು ಗಟ್ಟಿ ಹಣ್ಣಿನ ಹಿಂದೆ ಅಡಗಿ ಬರುತ್ತದೆ. ನಿಮ್ಮ ತಳಿಗೆ ನಿಜವಾದ ಅಂಕಿ ಯಾವುದೆಂಬುದು ಎರಡು ಮೂರು ಹಂಗಾಮಿನ ದಾಖಲೆಯಿಂದ ಬರಬೇಕು. ಕೊಯ್ಲಿನ ಅಂಕಿಯನ್ನೂ ಮಾರಾಟದ ದಿನದ ಅಂಕಿಯನ್ನೂ ಪಕ್ಕ ಪಕ್ಕ ಬರೆದಿಡದೆ ಅದು ಸಿಗುವುದಿಲ್ಲ.

ಹೊರಡುವ ಜಾಗ, ತಲುಪುವ ಜಾಗ ಎರಡಕ್ಕೂ ಬೇರೆ ಮಿತಿ ಇರಬೇಕು. ಸಾಗಿಸಿದ ಮೇಲೆ ತಾಜಾತನದಲ್ಲಿ ಕೊಂಚ ಕೊರತೆ ಕಾಣಬಹುದು, ಎಕ್ಸ್‌ಟ್ರಾ ಬಿಟ್ಟು ಉಳಿದ ದರ್ಜೆಗಳಲ್ಲಿ ಲಘುವಾಗಿ ಕೆಟ್ಟಿರಬಹುದು ಎಂದು ಮಾನದಂಡವೂ ಒಪ್ಪುತ್ತದೆ. ಆ ‘ಕೊಂಚ’ ಎಷ್ಟು ಎಂಬುದನ್ನು ಮೊದಲೇ ಬರೆದುಕೊಳ್ಳದಿದ್ದರೆ ತಲುಪಿದ ಬಂದರಿನಲ್ಲಿ ಅದು ಕೊಳ್ಳುವವರ ಇಷ್ಟದಂತೆ ಹಿಗ್ಗುತ್ತದೆ.

ಮಾದರಿ ತೆಗೆಯುವುದಕ್ಕೂ ಲೆಕ್ಕವಿದೆ. ಯುರೋಪಿನ ತಪಾಸಣಾ ನಿಯಮದಂತೆ 100 ಪೆಟ್ಟಿಗೆ ತನಕದ ಲಾಟಿನಿಂದ ಕನಿಷ್ಠ 5, 300ರ ತನಕ 7, 500ರ ತನಕ 9, 1000ದ ತನಕ 10, ಅದಕ್ಕೂ ಮೇಲಾದರೆ 15 ಪೆಟ್ಟಿಗೆ ತೆರೆಯಬೇಕು. ಬಾಗಿಲ ಬಳಿಯ ಐದು ಪೆಟ್ಟಿಗೆ ಮಾದರಿಯಲ್ಲ. ಪ್ಯಾಲೆಟ್ಟಿನ ಮೇಲೆ, ನಡು, ತಳ, ಒಳಸಾಲು ಎಲ್ಲ ಕಡೆಯಿಂದ ಬರಲಿ. ಪೆಟ್ಟಿಗೆಯೊಳಗೂ ಮೇಲಿನ ಪದರ ಮಾತ್ರ ನೋಡಿ ಮುಚ್ಚಬೇಡಿ. ಪದರವಾಗಿ ಜೋಡಿಸಿದ ಪೆಟ್ಟಿಗೆಯಲ್ಲಿ ಅತಿ ದೊಡ್ಡ, ಅತಿ ಚಿಕ್ಕ ಹಣ್ಣಿನ ವ್ಯಾಸದ ಅಂತರ ಸಾಮಾನ್ಯವಾಗಿ 5 ಮಿ.ಮೀ. ಮೀರಬಾರದು, ಅದನ್ನೂ ಅಲ್ಲೇ ಅಳೆಯಿರಿ. ಚೀಟಿಯ ಮೇಲೆ ಪ್ಯಾಕ್ ಮಾಡಿದವರು, ತಳಿ, ಬೆಳೆದ ದೇಶ, ದರ್ಜೆ, ಗಾತ್ರ ಇವೆಯೇ ನೋಡಿ. ಲಾಟಿನ ಗುರುತೂ ಇರಲಿ, ಅದಿಲ್ಲದಿದ್ದರೆ ಕೊಯ್ಲಿನ ದಿನದ ಪಿಷ್ಟದ ದಾಖಲೆ ಯಾವ ಪೆಟ್ಟಿಗೆಯದೆಂದು ಹುಡುಕಲು ಆಗುವುದಿಲ್ಲ.

ಕೊನೆಗೆ, ಪ್ರತಿ ಲಾಟಿನಿಂದ 20 ಹಣ್ಣನ್ನು ಎತ್ತಿಟ್ಟು 20 ಡಿಗ್ರಿ ಬಿಸಿಯಲ್ಲಿ 7 ದಿನ ಬಿಡುವ ಅಭ್ಯಾಸ ಇಟ್ಟುಕೊಳ್ಳಿ. ಅಂಗಡಿಯಲ್ಲೂ ಮನೆಯ ಬುಟ್ಟಿಯಲ್ಲೂ ಹಣ್ಣು ಕಾಣುವ ವಾರವದು. ಎಂಟನೆಯ ದಿನ ಗಟ್ಟಿತನ ಅಳೆದು, ಅಡ್ಡ ಕೊಯ್ದು ತಿರುಳು ನೋಡಿ, ಕೊನೆಗೆ ತಿಂದೂ ನೋಡಿ. ಸ್ಕಾಲ್ಡ್, ಗುಳಿಚುಕ್ಕೆ, ಜಜ್ಜುಗಾಯ, ಒಳಗಂದು ಬರುವುದಿದ್ದರೆ ಈ ಇಪ್ಪತ್ತರಲ್ಲಿ ಮೊದಲು ಬರುತ್ತವೆ, ಉಳಿದ ಪ್ಯಾಲೆಟ್ಟುಗಳನ್ನು ಮೊದಲು ಮಾರಬೇಕೋ ಇಡಬಹುದೋ ಎಂದು ತೀರ್ಮಾನಿಸಲು ಆಗ ಇನ್ನೂ ಸಮಯವಿರುತ್ತದೆ.